ಇಪ್ಪತ್ತೆಂಟು ಡಿಗ್ರಿ

"ಬಾಯ್ಬುಟ್ಟು ಹೇಳ್ರೇ, ಯಾವಳು ಮುಟ್ಟಾಗಿರೋಳು? ಮುಚ್ಕೊಂಡು ಒಳಕ್ಕೋಗಿ ನಾಳೆ ಹೂವಿಗೆ ಮಚ್ಚೆ ಬಂದ್ರೆ ನಿಮ್ಮಪ್ಪ ಬಂದು ನೆಟ್ಕೊಡ್ತಾನಾ?"

ಬೆಳಿಗ್ಗೆ ಆರೂವರೆ. ಸೊಣ್ಣಮ್ಮ ಗೇಟಿನೊಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರ ಮುಂದೆ ನಾಲ್ವರು ಹೆಂಗಸರು ಸಾಲಾಗಿ ನಿಂತಿದ್ದರು. ಗುಲಾಬಿ ಬೆಳೆಯುವ ಆ ಪಾಲಿಹೌಸಿನೊಳಗೆ ಕಾಲಿಡಬೇಕಾದರೆ ದಿನವೂ ಈ ಪ್ರಶ್ನೆಗೆ ಉತ್ತರ ಕೊಟ್ಟೇ ಹೋಗಬೇಕು. ಹೌದು ಎಂದವಳು ಮೂರು ದಿನ ಗೇಟಿನಾಚೆ.

"ನಂದು ನಿಂತು ಹತ್ತು ವರ್ಷಾತ್ರಿ ಅಮ್ಮಾರ," ಎಂದಳು ಎಲ್ಲರಿಗಿಂತ ಹಿರಿಯಳಾದ ದುಂಡವ್ವ. "ದಿನಾ ನನ್ನೂ ಕೇಳ್ತೀರಲ್ಲ, ಮತ್ತ ಚಾಲೂ ಆಗ್ಲಿ ಅಂತೇನು?"

ಪಕ್ಕದಲ್ಲಿದ್ದ ಅಂಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಮಧುಮತಿಗೆ ನಗು ತಡೆಯಲಾಗಲಿಲ್ಲ. ಸೊಣ್ಣಮ್ಮನ ಕಣ್ಣು ಅವಳ ಮೇಲೆ ಬಿತ್ತು.

"ಕಿಸೀತೀಯಾ? ತಿರುಗೇ."

"ಅಮ್ಮಾರ..."

"ತಿರುಗು ಅಂದ್ನಲ್ಲ. ಹಿಂದ್ಕಡೆ ತೋರ್ಸು."

ಮದುವೆಯಾಗಿ ಆರು ತಿಂಗಳೂ ಆಗದ ಹುಡುಗಿ ಮಧುಮತಿ. ತುಟಿ ಕಚ್ಚಿಕೊಂಡು ಬೆನ್ನು ತಿರುಗಿಸಿ ನಿಂತಳು. ಸೊಣ್ಣಮ್ಮ ಕೂತಲ್ಲಿಂದಲೇ ಮುಂದೆ ಬಗ್ಗಿ ಅವಳ ಸೀರೆಯ ಹಿಂಬದಿಯನ್ನು ಸಂತೆಯಲ್ಲಿ ದನ ನೋಡುವಂತೆ ನೋಡಿದರು. ನೀರಿನ ಕ್ಯಾನ್ ತಂದಿದ್ದ ಆಟೋದವನೂ ನೋಡುತ್ತಿದ್ದ. ಸಾಲಿನ ಕೊನೆಯಲ್ಲಿದ್ದ ತಂಗೆವ್ವ ನೆಲ ನೋಡುತ್ತ ನಿಂತಳು. ಅವಳಿಗಿನ್ನೂ ನಲವತ್ತು ತುಂಬಿರಲಿಲ್ಲ. ಹಿಂದಿನ ವಾರವಷ್ಟೇ ಅವಳೂ ಹೀಗೆ ತಿರುಗಿ ನಿಂತಿದ್ದಳು.

"ಹೋಗ್ರಿ ಹೋಗ್ರಿ. ಮೊಗ್ಗು ಅರಳ್ಬಿಟ್ಟಾವು."

ಹುಳಿಮಾವು ಕೆರೆಯ ಆಚೆ ಎರಡು ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡ ಅರ್ಧ ಎಕರೆ ಅದು. ಸೊಣ್ಣಮ್ಮನ ಗಂಡ ಬೋರಣ್ಣ ಇದ್ದಾಗ ಅಲ್ಲಿ ರಾಗಿಯೂ ಅವರೆಯೂ ಬೆಳೆಯುತ್ತಿತ್ತು. ಉಳಿದ ಹೊಲವೆಲ್ಲ ಅಪಾರ್ಟ್‌ಮೆಂಟಿನವರಿಗೆ ಹೋಯಿತು. ಬೋರಣ್ಣ ಸತ್ತ ಮೇಲೆ ಮಗ ರವಿಕಿರಣ ಈ ತುಂಡಿಗೆ ಕಬ್ಬಿಣದ ಕಮಾನು ನಿಲ್ಲಿಸಿ, ಬಿಳಿ ಪ್ಲಾಸ್ಟಿಕ್ ಹೊದಿಸಿ, ಹನ್ನೆರಡು ಸಾವಿರ ಗುಲಾಬಿ ಗಿಡ ನೆಟ್ಟ. ಅವನು ಹೆಂಡತಿಯೊಂದಿಗೆ ಜೆ.ಪಿ. ನಗರದಲ್ಲಿದ್ದ. ಸೊಣ್ಣಮ್ಮ ಮಾತ್ರ ರಸ್ತೆಯಾಚೆಯ ಹಳೇ ಮನೆ ಬಿಟ್ಟು ಕದಲಲಿಲ್ಲ.

ತಂಗೆವ್ವ ಮತ್ತು ಅವಳ ಗಂಡ ಹನಮಂತ ಲಿಂಗಸುಗೂರಿನ ಕಡೆಯವರು. ಊರಲ್ಲಿ ಮಾದರ ಕೇರಿ. ಮೊದಲು ಬಿಟಿಎಂ ಲೇಔಟಿನಲ್ಲಿ ಕಟ್ಟಡದ ಕೆಲಸಕ್ಕೆ ಬಂದವರು, ಒಂಬತ್ತು ವರ್ಷದ ಹಿಂದೆ ಈ ಹೂವಿಗೆ ಬಂದು ನಿಂತರು. ಇದ್ದೊಬ್ಬ ಮಗಳನ್ನು ಊರ ಪಕ್ಕದಲ್ಲೇ ಕೊಟ್ಟಿದ್ದರು. ಆ ಮಗಳಿಗೆ ಹನಮಂತ ಸಂಘಮಿತ್ರಾ ಎಂದು ಹೆಸರಿಟ್ಟಿದ್ದ. ಯಾವುದೋ ಜಯಂತಿಯ ಭಾಷಣದಲ್ಲಿ ಆ ಹೆಸರು ಕೇಳಿ, ಮರೆಯಬಾರದೆಂದು ದಾರಿಯುದ್ದಕ್ಕೂ ಬಾಯಲ್ಲಿ ಹೇಳಿಕೊಳ್ಳುತ್ತ ಮನೆಗೆ ಬಂದಿದ್ದನಂತೆ.

ಹನಮಂತನ ಕೆಲಸ ಹೂವಿಗೆ ಹವೆ ಕಾಯುವುದು. ಬೆಳಿಗ್ಗೆ ಪ್ಲಾಸ್ಟಿಕ್ ಚಾವಣಿಯ ಒಳಮೈಯಲ್ಲಿ ನೀರು ಹನಿಗಟ್ಟಿರುತ್ತದೆ. ಅದು ಮೊಗ್ಗಿನ ಮೇಲೆ ಬಿದ್ದರೆ ಕೊಳೆ ಹತ್ತುತ್ತದೆ. ಹಾಗಾಗಿ ಬಿಸಿಲು ಅಪಾರ್ಟ್‌ಮೆಂಟಿನ ತಲೆ ದಾಟಿ ಬರುವಷ್ಟರಲ್ಲಿ ಪಕ್ಕದ ಪರದೆಗಳನ್ನು ಹ್ಯಾಂಡಲ್ ತಿರುಗಿಸಿ ಗೇಣಷ್ಟು ಎತ್ತಿ, ಒಳಗಿನ ತೇವದ ಗಾಳಿಯನ್ನು ಹೊರಗೆ ಬಿಡಬೇಕು. ಒಮ್ಮೆಗೇ ಪೂರ್ತಿ ಎತ್ತಿದರೆ ಗಿಡ ಬೆದರುತ್ತದೆ. ಹನ್ನೊಂದಕ್ಕೆ ನೆರಳಿನ ಬಲೆ ಎಳೆಯಬೇಕು. ಗಾಳಿ ಒಣಗಿದರೆ ಮೂವತ್ತು ಎಣಿಸುವಷ್ಟು ಹೊತ್ತು ಮಂಜಿನ ನಳಿಕೆ ಬಿಡಬೇಕು. ಸಂಜೆ ನೆಲದ ಬಿಸಿ ಆರುವ ಮೊದಲೇ ಎಲ್ಲ ಮುಚ್ಚಬೇಕು. ಇದನ್ನೆಲ್ಲ ಅವನಿಗೆ ಯಾರೂ ಕಲಿಸಿರಲಿಲ್ಲ. ಎಲೆಯ ಅಡಿಮೈಯನ್ನು ಕೆನ್ನೆಗೆ ಒತ್ತಿ ಒಂದು ಗಳಿಗೆ ಸುಮ್ಮನಿರುತ್ತಿದ್ದ. ಆಮೇಲೆ, "ಸೆಕಿ ಆಗೈತಿ ಇದಕ್ಕ," ಎಂದು ಹ್ಯಾಂಡಲಿನ ಕಡೆ ಹೋಗುತ್ತಿದ್ದ.

"ನಂಗೂ ಹಂಗ ಒಮ್ಮೆ ನೋಡಬಾರ್ದೇನು?" ಎಂದು ತಂಗೆವ್ವ ಕಾಡಿಸುತ್ತಿದ್ದಳು.

"ನೀ ಬಾಡೂ ಪೈಕಿ ಅಲ್ಲ ಬಿಡು."

ಅವರ ಶೆಡ್ಡು ಪಾಲಿಹೌಸಿನ ಹಿಂಗೋಡೆಗೆ ಹತ್ತಿಕೊಂಡಿತ್ತು. ನಾಲ್ಕೂ ಕಡೆ ತಗಡು, ಮೇಲೂ ತಗಡು. ಪಾಲಿಹೌಸಿನ ಒಂದು ತುದಿಯಲ್ಲಿ ಗೋಡೆ ತುಂಬ ಜೇನುಗೂಡಿನಂಥ ರಟ್ಟು ಕಟ್ಟಿ, ಮೇಲಿನಿಂದ ನೀರು ಇಳಿಸುತ್ತಿದ್ದರು. ಎದುರು ತುದಿಯಲ್ಲಿ ಆಳೆತ್ತರದ ನಾಲ್ಕು ಫ್ಯಾನು. ಫ್ಯಾನು ಎಳೆದಂತೆ ಹೊರಗಿನ ಗಾಳಿ ಒದ್ದೆ ರಟ್ಟಿನಲ್ಲಿ ತೂರಿ ತಣ್ಣಗಾಗಿ ಒಳಗೆ ಬರುತ್ತಿತ್ತು. ಹೂವಿನ ಮೇಲೆ ಹಾಯುತ್ತ ಹಾಯುತ್ತ ಬಿಸಿಯಾಗಿ ಹಿಂದಿನಿಂದ ಹೊರಬೀಳುತ್ತಿತ್ತು. ಹೊರಬಿದ್ದದ್ದು ನೇರ ತಂಗೆವ್ವನ ಶೆಡ್ಡಿನ ಮೇಲೆ. ಬೇಸಿಗೆಯಲ್ಲಿ ಮಧ್ಯಾಹ್ನ ಅದರ ಕದ ಮುಟ್ಟಿದರೆ ಕೈ ಚುರ್ರೆನ್ನುತ್ತಿತ್ತು.

ಕುಡಿಯಲು ಬೋರ್‌ವೆಲ್ಲಿನ ಉಪ್ಪು ನೀರು. ಮಂಜಿನ ನಳಿಕೆಗೆ ಮಾತ್ರ ಸೋಸಿದ ನೀರೇ ಆಗಬೇಕು, ಇಲ್ಲದಿದ್ದರೆ ಸಣ್ಣ ತೂತುಗಳು ಉಪ್ಪು ಕಟ್ಟಿ ಮುಚ್ಚುತ್ತವೆ. ಅದಕ್ಕೆಂದೇ ಬೇರೆ ನೀಲಿ ಟ್ಯಾಂಕಿತ್ತು. ಒಮ್ಮೆ ದುಂಡವ್ವ ಅದರಿಂದ ಬಾಟಲಿ ತುಂಬಿಕೊಂಡದ್ದನ್ನು ರವಿಕಿರಣ ಕಂಡ. ಬಾಟಲಿ ಕಸಿದು, ನೀರನ್ನು ಹತ್ತಿರದ ಗಿಡಕ್ಕೆ ಸುರಿದು, ಖಾಲಿ ಬಾಟಲಿಯನ್ನು ಅವಳ ಕೈಗೆ ಕೊಟ್ಟ.

"ಅದು ಹೂವಿನ್ ನೀರು ಅಜ್ಜಿ. ನಿಂಗೇನ್ ಬಂದಿದೆ ರೋಗ? ಬೋರ್ ನೀರು ಕುಡಿ, ಗಟ್ಟಿ ಆಗ್ತೀಯ."

ಹಿಂದಿನ ಕಾರ್ತಿಕದಲ್ಲಿ ರವಿಕಿರಣ ಒಬ್ಬ ಇಂಜಿನಿಯರನ್ನು ಕರೆತಂದ. ಅವನು ರಟ್ಟಿನ ಗೋಡೆಯ ಹತ್ತಿರ ಗಿಡದೆತ್ತರಕ್ಕೆ ಒಂದು ಬಿಳಿ ಡಬ್ಬಿ ತೂಗುಹಾಕಿದ. ಇನ್ನು ಮೇಲೆ ಒಳಗಿನ ಶಾಖ, ತೇವ ಎಲ್ಲ ಆ ಡಬ್ಬಿಗೆ ಗೊತ್ತಾಗುತ್ತದೆ, ಫ್ಯಾನೂ ನೀರೂ ತಾವೇ ಶುರುವಾಗುತ್ತವೆ, ತಾವೇ ಆರುತ್ತವೆ, ಸಾಹೇಬರು ಮನೆಯಲ್ಲಿ ಕೂತು ಫೋನಿನಲ್ಲೇ ನೋಡಬಹುದು ಎಂದ. ಹನಮಂತ ಕೈಕಟ್ಟಿ ನಿಂತು ಎಲ್ಲ ಕೇಳಿಸಿಕೊಂಡ. ಕೊನೆಗೆ ಕೇಳಿದ:

"ಸರ್, ಡಬ್ಬಿ ಈ ಕಡಿ ಯಾಕ ಹಾಕೀರಿ? ಇದು ತಂಪ್ ಇರೂ ಕಡಿ. ಆ ಕಡಿ, ಫ್ಯಾನಿನ ಹತ್ರ, ಬ್ಯಾಸಗ್ಯಾಗ ಉರಿತೈತ್ರಿ."

"ವೈಫೈ ಇಲ್ಲೇ ಸಿಗೋದು," ಎಂದ ಇಂಜಿನಿಯರು.

ರವಿಕಿರಣ ನಕ್ಕ. "ಕೇಳ್ಕೊಳಪ್ಪ, ನಮ್ಮ ಸೈಂಟಿಸ್ಟ್ ಹೇಳ್ತಾವ್ನೆ. ಲೇ ಹನಮಂತ, ಅವ್ರು ಓದಿ ಬಂದಿರೋರು, ನಿನ್ ಥರ ಎಲೆ ಮೂಸ್ಕೊಂಡಲ್ಲ. ಇನ್ಮೇಲೆ ನೀನೇನೂ ಮುಟ್ಟಂಗಿಲ್ಲ, ತಿಳೀತಾ? ಔಷಧಿ ಹೊಡಿ, ಕಳೆ ಕೀಳು."

ಹನಮಂತ ತಲೆ ಆಡಿಸಿದ. ಆವತ್ತು ಸಂಜೆ ಶೆಡ್ಡಿನ ಮುಂದೆ ಕೂತು ತಂಬಾಕು ತಿಕ್ಕುತ್ತ, "ಒಂಬತ್ತು ವರ್ಷ ಇದ್ರ ಕೂಡ ಮಾತಾಡಿನಿ. ಇನ್ನ ಮ್ಯಾಲ ಡಬ್ಬಿ ಮಾತಾಡ್ತೈತಂತ," ಎಂದ. ತಂಗೆವ್ವ ರೊಟ್ಟಿ ತಟ್ಟುತ್ತ ಕೂತಳು.

ಬೇಸಿಗೆ ಆ ವರ್ಷ ಯುಗಾದಿಗೆ ಮೊದಲೇ ಬಂತು. ಬೆಂಗಳೂರು ಹೀಗೆ ಕಾದದ್ದನ್ನು ತಾನು ಕಂಡಿಲ್ಲ ಎಂದು ಸೊಣ್ಣಮ್ಮನೇ ಹೇಳುತ್ತಿದ್ದರು. ಏಪ್ರಿಲ್ ಎರಡನೇ ವಾರ, ಹಿಂದಿನ ನಾಲ್ಕು ಫ್ಯಾನುಗಳಲ್ಲಿ ಎರಡರ ಬೆಲ್ಟು ಹರಿಯಿತು. ಹನಮಂತ ಆವತ್ತೇ ಫೋನು ಮಾಡಿ ಹೇಳಿದ.

"ನೋಡ್ದೆ ನಾನು. ಇಪ್ಪತ್ತೆಂಟು ತೋರಿಸ್ತಾ ಇದೆ. ಏನೂ ಆಗಿಲ್ಲ," ಎಂದ ರವಿಕಿರಣ.

"ಅದು ಈ ಕಡಿದ್ರಿ ಸಾವ್ಕಾರ್ರ. ಆ ಕಡಿ ನಿಂದ್ರಾಕ ಆಗವಲ್ದು."

"ನಿಂಗೆ ನಿಂತ್ಕೊಳಕ್ಕೆ ಆಗ್ದಿದ್ರೆ ಕೂತ್ಕೊ ಗುರು. ಮೆಕ್ಯಾನಿಕ್‌ಗೆ ಹೇಳ್ತೀನಿ, ಇಡು."

ಮೆಕ್ಯಾನಿಕ್ ಬರಲಿಲ್ಲ. ಮೂರನೆಯ ದಿನ ಫ್ಯಾನಿನ ಕಡೆಯ ಸಾಲುಗಳಲ್ಲಿ ಮೊಗ್ಗಿನ ಅಂಚು ಸುಟ್ಟು ಕಂದಿತು. ಮಧುಮತಿ ಹೂ ಕೊಯ್ಯುತ್ತ ಅಲ್ಲಿಗೆ ಹೋದವಳು ತಲೆ ತಿರುಗಿ ಕೂತುಬಿಟ್ಟಳು. ಹನಮಂತ ಅವಳನ್ನು ಹೊರಗೆ ಕಳಿಸಿ, ಆ ತುದಿಯ ಪರದೆಯ ಹ್ಯಾಂಡಲ್ ಹಿಡಿದು ಗರಗರ ತಿರುಗಿಸಿದ. ಪರದೆ ಎದೆಮಟ್ಟ ಎದ್ದಿತು. ಒಳಗಿನ ಬೇಗೆ ಭುಸ್ಸೆಂದು ಹೊರಗೆ ಹೋಯಿತು. ಹೆಂಗಸರು ತಲೆಯ ಸೆರಗು ಸರಿಸಿ ಗಾಳಿಗೆ ಮುಖ ಒಡ್ಡಿದರು.

ಅರ್ಧ ಗಂಟೆಯಲ್ಲಿ ರವಿಕಿರಣನ ಕಾರು ಗೇಟಿಗೆ ಬಂತು.

"ಯಾವನ್ಲೇ ತೆಗ್ದಿದ್ದು?"

"ನಾನ ರೀ. ಫ್ಯಾನ್ ನಿಂತ ಮ್ಯಾಲ ಪರದಿ ತಗೀಬೇಕ್ರಿ. ಇಲ್ಲಂದ್ರ ಒಳಗ..."

ಏಟು ಕೆನ್ನೆಗೆ ಬಿತ್ತು. ಹನಮಂತನ ಬಾಯಿಂದ ತಂಬಾಕು ಗಿಡದ ಮೇಲೆ ಸಿಡಿಯಿತು.

"ಬೋಳಿಮಗನೆ, ಹ್ಯುಮಿಡಿಟಿ ಬಿದ್ದೋಯ್ತು ಅಂತ ಫೋನಲ್ಲಿ ಅಲಾರಂ ಹೊಡ್ಕೊತಾ ಇದೆ! ಆಚೆಯಿಂದ ಹುಳ ಬಂದ್ರೆ ಯಾರ್ಲೇ ಜವಾಬ್ದಾರಿ? ಎಷ್ಟ್ ಸಲ ಹೇಳೋದು ಮುಟ್ಬೇಡ ಅಂತ? ಮುಟ್ಟೋದು ಅಂದ್ರೆ ಅಷ್ಟ್ ಆಸೆನಾ ನಿಮ್ ಜನಕ್ಕೆ?"

ಹನಮಂತ ಬಗ್ಗಿ, ಎಲೆಯ ಮೇಲೆ ಬಿದ್ದ ತಂಬಾಕನ್ನು ಅಂಗಿಯ ತುದಿಯಿಂದ ಒರೆಸಿದ. ರವಿಕಿರಣ ತಾನೇ ಪರದೆ ಇಳಿಸಿ, ಕಾರಿನಿಂದ ಸರಪಳಿ ತಂದು, ಹ್ಯಾಂಡಲುಗಳಿಗೆ ಸುತ್ತಿ ಬೀಗ ಹಾಕಿದ. ಬೀಗದ ಕೈಯನ್ನು ತನ್ನ ಕಾರಿನ ಕೀಲಿಯ ಜೊತೆ ಸೇರಿಸಿಕೊಂಡ.

ಆ ಸಂಜೆ ಹನಮಂತ ಉಣ್ಣಲಿಲ್ಲ. ತಂಗೆವ್ವ ಅವನ ಕೆನ್ನೆ ಮುಟ್ಟಲು ಹೋದಳು. ಅವನು ಮುಖ ಪಕ್ಕಕ್ಕೆ ತಿರುಗಿಸಿಕೊಂಡ.

"ಊರಿಗೆ ಹೋಗೂನು ನಡಿ," ಎಂದಳು.

"ಹೋಗೂನು. ಈ ಲಗ್ನದ ಹೂವು ಒಂದು ಹೋಗ್ಲಿ," ಎಂದ.

ಒಣಬೇಗೆಗೆ ಹುಟ್ಟುವುದು ಕೆಂಪು ನುಸಿ. ಫ್ಯಾನಿನ ಕಡೆಯ ಸಾಲುಗಳಲ್ಲಿ ಎಲೆಯಡಿ ಜೇಡನ ಬಲೆಯಂತೆ ಅದು ಕಟ್ಟಿಕೊಂಡಿತು. ಬನಶಂಕರಿಯ ಒಂದು ಛತ್ರದಲ್ಲಿ ದೊಡ್ಡ ಮದುವೆಯಿತ್ತು. ನಾಲ್ಕು ಸಾವಿರ ಗುಲಾಬಿ ಒಪ್ಪಿಕೊಂಡಿದ್ದ ರವಿಕಿರಣ ಬೆಳಿಗ್ಗೆ ಹನ್ನೊಂದಕ್ಕೆ ಫೋನು ಮಾಡಿದ. ಈಗಲೇ ಔಷಧಿ ಹೊಡೆಯಬೇಕು, ನಾಳೆ ಮಧ್ಯಾಹ್ನ ಹೂವು ಹೋಗಬೇಕು.

"ಸಂಜಿಗಿ ಹೊಡೀತೀನ್ರಿ. ಈಗ ಒಳಗ ಸುಡಾಕತ್ತೈತಿ."

"ಸಂಜೆ ಹೊಡೆದ್ರೆ ಎಲೆ ಒಣಗಲ್ಲ, ನಾಳೆ ಹೂವಲ್ಲಿ ವಾಸನೆ ಬರ್ತದೆ. ಈಗ ಹೊಡಿ. ಕೋಟ್ ಹಾಕ್ಕೊಂಡು ಫೋಟೋ ಕಳ್ಸು, ಕಂಪನಿಯೋರು ಕೇಳ್ತಾರೆ."

ಔಷಧಿ ಹೊಡೆಯುವವನ ಮೈಗೆ ವಿಷ ತಾಗದಿರಲೆಂದು ಔಷಧಿ ಕಂಪನಿಯವರು ಕೊಟ್ಟ ಕೋಟು ಅದು. ದಪ್ಪ ಹಳದಿ ಪ್ಲಾಸ್ಟಿಕ್ಕು, ತಲೆಗೂ ಮುಸುಕು, ಕೈಗೆ ರಬ್ಬರ್ ಗವಸು. ಹನಮಂತ ತೊಟ್ಟು ನಿಂತ. ಮಧುಮತಿ ಅವನ ಫೋನಿನಲ್ಲೇ ಫೋಟೋ ತೆಗೆದು ಕಳಿಸಿದಳು. ಅವನು ಬೆನ್ನಿಗೆ ಔಷಧಿಯ ಡಬ್ಬ ಏರಿಸಿಕೊಂಡು ಫ್ಯಾನಿನ ಕಡೆ ನಡೆದ. ಔಷಧಿ ಗಾಳಿಗೆ ಎಳೆದುಹೋಗದಿರಲೆಂದು ಉಳಿದೆರಡು ಫ್ಯಾನನ್ನೂ ರವಿಕಿರಣ ಸ್ವಲ್ಪ ಹೊತ್ತಿನ ಮಟ್ಟಿಗೆ ಜೆ.ಪಿ. ನಗರದಿಂದಲೇ ಆರಿಸಿದ. ರಟ್ಟಿನ ಮೇಲೆ ನೀರು ಮಾತ್ರ ಇಳಿಯುತ್ತಲೇ ಇತ್ತು. ಹೆಂಗಸರನ್ನು ಹೊರಗೆ ಕಳಿಸಿದರು.

ತಂಗೆವ್ವ ಶೆಡ್ಡಿನ ನೆರಳಿನಲ್ಲಿ ಕೂತು ಪ್ಲಾಸ್ಟಿಕ್ಕಿನಾಚೆ ಆಡುತ್ತಿದ್ದ ಹಳದಿ ನೆರಳನ್ನು ನೋಡುತ್ತಿದ್ದಳು. ಒಂದು ಸಾಲು ಮುಗಿಯಿತು. ಎರಡನೆಯದು. ಐದನೆಯ ಸಾಲಿನ ನಡುವೆ ಹಳದಿ ನೆರಳು ನಿಂತಿತು. ಉಸಿರು ತೆಗೆದುಕೊಳ್ಳುತ್ತಿದ್ದಾನೆ ಅಂದುಕೊಂಡಳು. ನೆರಳು ಸಣ್ಣಗಾಯಿತು. ಆಮೇಲೆ ಕಾಣಲಿಲ್ಲ.

ಅವಳು ಓಡಿದಳು. ಒಳಗಿನ ಬೇಗೆ ಮುಖಕ್ಕೆ ರಾಚಿ ಕಣ್ಣು ಕತ್ತಲಿಟ್ಟಿತು. ಹನಮಂತ ಎರಡು ಸಾಲಿನ ನಡುವೆ ಮಗ್ಗುಲಾಗಿ ಬಿದ್ದಿದ್ದ. ಬೆನ್ನಿನ ಡಬ್ಬದಿಂದ ಔಷಧಿ ಇನ್ನೂ ಚಿಮ್ಮುತ್ತಿತ್ತು. ಮುಸುಕು ಕಿತ್ತಳು. ಮುಖ ಕೆಂಡದಂತೆ ಕೆಂಪಾಗಿತ್ತು, ಬೆವರು ಒಂದು ಹನಿಯೂ ಇರಲಿಲ್ಲ. ಹಿಂದಿನಿಂದ ಬಂದ ದುಂಡವ್ವ, ಮಧುಮತಿ, ಅಂಕಮ್ಮ ಸೇರಿ ಅವನನ್ನು ಎಳೆದರು. ಪರದೆಯ ಹತ್ತಿರವೇ ಇದ್ದರೂ ಅದು ಏಳುವಂತಿರಲಿಲ್ಲ. ಪಾಲಿಹೌಸಿನ ಉದ್ದಕ್ಕೂ, ಬಾಗಿಲು ಇದ್ದ ಆ ತುದಿಯವರೆಗೂ ಎಳೆಯಬೇಕಾಯಿತು.

ತಂಗೆವ್ವ ನೀಲಿ ಟ್ಯಾಂಕಿನ ನಲ್ಲಿ ಪೂರ್ತಿ ತಿರುಗಿಸಿ ಹೂವಿನ ನೀರನ್ನೆಲ್ಲ ಅವನ ಮೈಮೇಲೆ ಬಿಟ್ಟಳು. ಹನಮಂತ ಕಣ್ಣು ತೆರೆದು ಏನೋ ಗೊಣಗಿದ. "ಏನಂದಿ? ಏನಂದ್ಯೋ?" ಎಂದು ಅವಳು ಬಾಯಿಯ ಹತ್ತಿರ ಕಿವಿ ಇಟ್ಟಳು. ಮಾತು ತಿಳಿಯಲಿಲ್ಲ.

ಮಧುಮತಿ ರವಿಕಿರಣನಿಗೆ ಫೋನು ಮಾಡಿದಳು.

"ಗ್ಲೂಕೋಸ್ ಕುಡ್ಸು, ಸರಿ ಹೋಗ್ತಾನೆ," ಎಂದ. "ಔಷಧಿ ಎಷ್ಟು ಸಾಲಾಯ್ತು?"

ಸರ್ಕಾರಿ ಆಸ್ಪತ್ರೆಗೆ ಆಟೋದಲ್ಲಿ ಕರೆದೊಯ್ದರು. ಬನ್ನೇರುಘಟ್ಟ ರಸ್ತೆಯಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ತಂಗೆವ್ವನ ತೊಡೆಯ ಮೇಲೆ ಹನಮಂತನ ತಲೆ. ಜಯದೇವದ ಸಿಗ್ನಲ್ಲಿನಲ್ಲಿ ಆ ತಲೆ ಭಾರವಾದದ್ದು ಅವಳಿಗೆ ಗೊತ್ತಾಯಿತು. ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಆಟೋದವನು ಅಲ್ಲೇ ಇಳಿಸಿಬಿಡುತ್ತಾನೆ ಅಂದುಕೊಂಡಳು. ಉಳಿದ ದಾರಿಯುದ್ದಕ್ಕೂ ಒದ್ದೆ ಸೆರಗಿನಿಂದ ಅವನ ಮುಖ ಒರೆಸುತ್ತಲೇ ಇದ್ದಳು.

ಎಳೆಯ ವಯಸ್ಸಿನ ಡಾಕ್ಟರಮ್ಮ ನೋಡಿ, ಮೈ ಮುಟ್ಟಿ, ಬಿಸಿ ಅಳೆದು ಬರೆದುಕೊಂಡಳು. "ಜೀವ ಹೋಗಿ ಇಷ್ಟು ಹೊತ್ತಾದ್ರೂ ಮೈ ಹೀಗೆ ಸುಡ್ತಿದೆಯಲ್ಲಮ್ಮ. ಎಲ್ಲಿ ಕೆಲಸ ಮಾಡ್ತಿದ್ರು?" ಎಂದು ಕೇಳಿದಳು.

"ಹೂವಿನ್ಯಾಗ," ಎಂದಳು ತಂಗೆವ್ವ.

ಸಾಯಂಕಾಲಕ್ಕೆ ಪೊಲೀಸಿನವನೊಬ್ಬ ಬಂದ. ಅವನ ಜೊತೆಗೆ ರವಿಕಿರಣನೂ ಬಂದಿದ್ದ. ಆಸ್ಪತ್ರೆಯ ಹಿಂದಿನ ಬೇವಿನ ಮರದ ಕೆಳಗೆ ಬೈಕಿನ ಸೀಟಿನ ಮೇಲೆ ಹಾಳೆ ಇಟ್ಟುಕೊಂಡು ಪೊಲೀಸಿನವನು ಬರೆದ.

"ಕುಡೀತಿದ್ನೇನಮ್ಮ?"

"ಇಲ್ರಿ. ತಂಬಾಕ ಒಂದು ತಿಂತಿದ್ದ. ಒಳಗ ಸೆಕಿಗೆ ಸತ್ತಾನ್ರಿ. ಫ್ಯಾನ್ ಇರಲಿಲ್ಲ. ಪರದಿಗೆ ಕೀಲಿ ಹಾಕ್ಯಾರ."

ರವಿಕಿರಣ ಫೋನು ತೆಗೆದು ಪೊಲೀಸಿನವನ ಮುಂದೆ ಹಿಡಿದ. "ಸಾರ್, ಇದ್ನ ನೋಡಿ. ಬೆಳಿಗ್ಗೆ ಹತ್ತು, ಹನ್ನೊಂದು, ಹನ್ನೆರಡು, ಒಂದು. ಗೀಟು ಎಲ್ಲಾದ್ರೂ ಮೇಲಕ್ಕೆ ಹೋಗಿದೆಯಾ? ಇಪ್ಪತ್ತೆಂಟು, ಇಪ್ಪತ್ತೊಂಬತ್ತು. ಕಂಪ್ಯೂಟರ್ ಸುಳ್ಳು ಹೇಳುತ್ತಾ? ಕೋಟೂ ಕೊಟ್ಟಿದೀನಿ, ಫೋಟೋ ಇದೆ."

ಪೊಲೀಸಿನವನು ಹಣೆ ಒರೆಸಿಕೊಂಡ. "ನಮ್ ಸ್ಟೇಷನ್‌ಗಿಂತ ತಣ್ಣಗಿದೆಯಲ್ರೀ. ಹೂವೇ ಬಾಡಿಲ್ಲ ಅಂದ್ಮೇಲೆ ಮನುಷ್ಯ ಹೆಂಗಮ್ಮ ಸಾಯ್ತಾನೆ?"

"ಆ ಡಬ್ಬಿ ತಂಪ್ ಕಡಿ ಐತ್ರಿ ಸಾಹೇಬ್ರ. ನೀವು ಬಂದು ಆ ಕಡಿ ಒಂದೀಟು ನಿಂದ್ರಿ. ಒಂದೀಟ."

"ಬಿಪಿ ಇದೆಯಮ್ಮ ನಂಗೆ." ಅವನು ಬರೆಯುವುದನ್ನು ಮುಗಿಸಿದ. "ಎದೆನೋವು ಅಂತ ಬರ್ದಿದೀನಿ. ಡಾಕ್ಟ್ರ ರಿಪೋರ್ಟ್ ಬರ್ಲಿ, ಆಮೇಲ್ ನೋಡೋಣ. ಹೆಬ್ಬೆಟ್ಟು ಒತ್ತು, ಇಲ್ದಿದ್ರೆ ನಾಳೆ ಬಾಡಿ ಸಿಗಲ್ಲ."

ತಂಗೆವ್ವ ಒತ್ತಿದಳು.

ರವಿಕಿರಣ ಹೋಗುವ ಮುಂಚೆ ದನಿ ತಗ್ಗಿಸಿ ಹೇಳಿದ. "ಗಾಡಿ ನಾನೇ ಮಾಡಿಸ್ತೀನಿ ತಂಗೆವ್ವ. ಇಲ್ಲಿಂದ ಹಂಗೇ ನಿಮ್ಮೂರಿಗೆ ತಗೊಂಡೋಗು. ತೋಟಕ್ಕೆ ತರ್ಬೇಡ. ಮದ್ವೆ ಹೂವು ಇದೆ ಅಲ್ಲಿ. ಅಮ್ಮ ಒಪ್ಪಲ್ಲ."

ಆದರೆ ಊರಿನಿಂದ ಅವರಾಗಲೇ ಹೊರಡುವವರಿದ್ದರು. ಹನಮಂತನ ತಮ್ಮ ದುಂಡಪ್ಪ, ಮುದುಕಿ ತಾಯಿ, ಮಗಳು ಸಂಘಮಿತ್ರಾ. ಬೆಳಗಿನ ಮೊದಲ ಬಸ್ಸಿಗೆ ಹತ್ತುತ್ತೇವೆ, ಸಂಜೆ ಮುಟ್ಟುತ್ತೇವೆ, ಎದುರುಬದುರು ದಾರಿಯಲ್ಲಿ ತಪ್ಪುವುದು ಬೇಡ, ಮುಖ ನೋಡಿಯೇ ಎತ್ತೋಣ ಎಂದು ಅವರು ಹೇಳಿದ್ದರು.

ಮರುದಿನ ಹತ್ತೂವರೆಗೆ ಹೆಣ ಕೊಟ್ಟರು. ಬಿಳಿ ಬಟ್ಟೆಯಲ್ಲಿ ಸುತ್ತಿದ್ದರು, ಕೊಯ್ದು ನೋಡಿ ಹಾಕಿದ ಹೊಲಿಗೆಯ ರಕ್ತ ಅಲ್ಲಲ್ಲಿ ಜಿನುಗಿತ್ತು. ಗಾಡಿಯವನು ಊರಿಗೆಂದು ಹೇಳಿಸಿಕೊಂಡು ಬಂದವನು. ತಂಗೆವ್ವ ಅವನ ಪಕ್ಕ ಕೂತು, "ಹುಳಿಮಾವಿಗೆ ನಡಿಯಣ್ಣ," ಎಂದಳು. ಅವಳ ಮುಖ ನೋಡಿ ಅವನು ಗಾಡಿ ತಿರುಗಿಸಿದ. ಶೆಡ್ಡಿನ ಮುಂದೆ ಇಳಿಸಿ ಹೋದ.

ಹೆಣವನ್ನು ಒಳಗೆ ಮಲಗಿಸಿದರು. ತಗಡು ಆಗಲೇ ಕಾದಿತ್ತು. ಅದೇ ಬೆಳಿಗ್ಗೆ ಮೆಕ್ಯಾನಿಕ್ ಬಂದು ಎರಡೂ ಫ್ಯಾನಿಗೆ ಹೊಸ ಬೆಲ್ಟು ಹಾಕಿ ಹೋಗಿದ್ದ. ಈಗ ನಾಲ್ಕೂ ಫ್ಯಾನು ಒಟ್ಟಿಗೆ ತಿರುಗುತ್ತ ಹೂವಿನ ಬೇಗೆಯನ್ನೆಲ್ಲ ತಂದು ಶೆಡ್ಡಿಗೆ ಊದುತ್ತಿದ್ದವು. ನೊಣ ಮುತ್ತಿದವು. ದುಂಡವ್ವ ಸೆರಗು ಬೀಸಿದಳು. ಹನ್ನೆರಡಕ್ಕೆ ಬಟ್ಟೆಯ ಮೇಲಿನ ಕಲೆ ದೊಡ್ಡದಾಯಿತು. ಮಧುಮತಿ ಮೂಗು ಮುಚ್ಚಿಕೊಳ್ಳಲು ಹೋಗಿ ನಾಚಿ ಕೈ ಇಳಿಸಿದಳು.

"ಸಂಜೀ ತನಕ ಉಳಿಯೂದಿಲ್ಲ ಇದು," ದುಂಡವ್ವ ಮೆಲ್ಲಗೆ ಅಂದಳು. "ಹೆಣ ಇಡೂ ಬರ್ಫಿನ ಪೆಟಿಗಿ ತರಸಾಕ ಆಗ್ತೈತೇನ ಕೇಳಲಿ?"

ರಸ್ತೆ ದಾಟಿ ಹೋಗಿ ಕೇಳಿ ಬಂದಳು. ಸೊಣ್ಣಮ್ಮ ಕಿಟಕಿಯಿಂದಲೇ ಮಾತಾಡಿದ್ದರು. "ತರ್ಬೇಡ ಅಂತ ಹೇಳಿರ್ಲಿಲ್ವಾ? ಮೊದ್ಲು ಎತ್ಕೊಂಡು ಹೋಗ್ರೇ ಅದ್ನ! ಮೂರು ಗಂಟೆಗೆ ಹೂವಿಗೆ ಗಾಡಿ ಬತ್ತದೆ."

ತಂಗೆವ್ವ ಗಂಡನ ಮುಖದ ಬಟ್ಟೆ ಸರಿಸಿದಳು. ತುಟಿ ಊದಿತ್ತು. ಕೆನ್ನೆಯ ಬಣ್ಣ ಬದಲಾಗುತ್ತಿತ್ತು. ಸಂಘಮಿತ್ರಾ ಬರುವ ಹೊತ್ತಿಗೆ ಈ ಮುಖ ಯಾರದೂ ಆಗಿರುವುದಿಲ್ಲ. ಅವಳು ಎದ್ದು ನಿಂತಳು.

"ಹೂವಿನ ಗಾಡಿ ತಗೊಂಡ್ ಬರ್ರಿ."

ಕೊಯ್ದ ಹೂವನ್ನು ಸಾಲಿನಿಂದ ಸಾಲಿಗೆ ತಳ್ಳುವ ನಾಲ್ಕು ಚಕ್ರದ ಗಾಡಿ ಅದು. ನಾಲ್ವರೂ ಸೇರಿ ಹನಮಂತನನ್ನು ಅದರ ಮೇಲೆ ಮಲಗಿಸಿದರು. ಕಾಲು ಹೊರಗೆ ಚಾಚಿತು. ದುಂಡವ್ವ ಕಾಲು ಹಿಡಿದಳು, ಅಂಕಮ್ಮ ತಲೆ. ತಂಗೆವ್ವ ಗಾಡಿಯನ್ನು ಪಾಲಿಹೌಸಿನ ಬಾಗಿಲಿಗೆ ತಿರುಗಿಸಿದಾಗ ಮಧುಮತಿ, "ಅಕ್ಕಾ, ಅಲ್ಲೇನು?" ಎಂದಳು. ಆದರೂ ಬಾಗಿಲು ತೆಗೆದವಳು ಅವಳೇ.

ಒಳಗೆ ರಟ್ಟಿನ ಗೋಡೆಯಿಂದ ನೀರು ಇಳಿಯುತ್ತಿತ್ತು. ತಣ್ಣನೆಯ ಗಾಳಿ ಮುಖಕ್ಕೆ ಬಂತು. ಮದುವೆಗೆಂದು ಸೊಣ್ಣಮ್ಮ ಬೆಳಿಗ್ಗೆಯೇ ಕೊಯ್ಯಿಸಿದ್ದ ಗುಲಾಬಿಗಳು ಬಕೆಟ್ಟುಗಳಲ್ಲಿ ಸಾಲಾಗಿ ನಿಂತಿದ್ದವು. ಅವುಗಳ ನಡುವೆ, ಬಿಳಿ ಡಬ್ಬಿಯ ಕೆಳಗೆ ಗಾಡಿ ನಿಲ್ಲಿಸಿದರು. ನೊಣಗಳು ಹಿಂದೆ ಉಳಿದವು. ನಾಲ್ವರೂ ನೆಲದ ಮೇಲೆ ಕೂತರು. ಆಗ ದುಂಡವ್ವ ದನಿ ತೆಗೆದು ಅತ್ತಳು. ನಿನ್ನೆಯಿಂದ ಅಳದಿದ್ದ ತಂಗೆವ್ವನೂ ಅತ್ತಳು. ಹಾಡಿ ಅಳುವ ಊರ ಅಳು ಅದು. ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ಒಬ್ಬೊಬ್ಬರಾಗಿ ಬಂದು ನಿಂತರು.

ಮೂರಕ್ಕೆ ಮದುವೆಯ ಅಲಂಕಾರ ಮಾಡಿಸುವ ದಿವ್ಯ ಗಾಡಿಯೊಂದಿಗೆ ಬಂದಳು. ಬಾಗಿಲು ತೆಗೆದವಳು ಹಾಗೇ ನಿಂತಳು. ಬಕೆಟ್ಟುಗಳನ್ನೂ ಬಟ್ಟೆಯನ್ನೂ ನಾಲ್ವರು ಹೆಂಗಸರನ್ನೂ ನೋಡಿದಳು. ಚಪ್ಪಲಿ ಬಿಟ್ಟು ಎರಡು ಹೆಜ್ಜೆ ಒಳಗೆ ಬಂದು, ಏನು ಮಾಡಬೇಕೋ ತಿಳಿಯದೆ ಕೈ ಮುಗಿದಳು. ಆಮೇಲೆ ಹೊರಗೆ ಹೋಗಿ ಫೋನಿನಲ್ಲಿ, "ರವಿ, ಈ ಹೂವು ಬೇಡ. ನಾನ್ ಬೇರೆ ಕಡೆ ನೋಡ್ಕೋತೀನಿ," ಎಂದದ್ದು ಒಳಗೆ ಕೇಳಿಸಿತು.

ರವಿಕಿರಣ ಕಾರಿನ ಬಾಗಿಲನ್ನೂ ಮುಚ್ಚದೆ ಓಡಿ ಬಂದ. ಹಿಂದೆ ಸೊಣ್ಣಮ್ಮ. ಅವರು ಹೊಸ್ತಿಲ ಹೊರಗೇ ನಿಂತು ಎದೆ ಬಡಿದುಕೊಂಡರು. "ಹೆಣ ತಂದ್ರಲ್ಲೋ! ಹೊಲೆಮಾದಿಗ್ರ ಹೆಣ ತಂದು ಹೂವಲ್ಲಿಕ್ಕಿದ್ರಲ್ಲೋ! ನಾನು ಒಳಕ್ಕೆಂಗೆ ಬರ್ಲಿ?"

"ಎತ್ರೇ ಆಚೆಗೆ!" ರವಿಕಿರಣ ಕೂಗಿದ. "ಪೊಲೀಸ್ ಕರೀತೀನಿ, ಒಬ್ಬೊಬ್ಬಳ್ನೂ ಒದ್ದು ಒಳಗೆ ಹಾಕಿಸ್ತೀನಿ, ಲೌಡಿಗಳ!"

"ಕರೀರಿ," ಎಂದಳು ತಂಗೆವ್ವ. ಅವಳು ಎದ್ದೇಳಲಿಲ್ಲ. "ನಿನ್ನಿ ಹಾಳಿ ಮ್ಯಾಲ ಬರದೋರ ಬರ್ಲಿ. ನಿಮ್ಮ ಇಪ್ಪತ್ತೆಂಟು ಎಲ್ಲೈತಿ ಅಂತ ನೋಡ್ಲಿ. ಮಗಳು ಬರೂ ತನಕ ಇಲ್ಲಿಂದ ಎತ್ತೂದಿಲ್ಲ."

"ಫ್ಯಾನ್ ಆಫ್ ಮಾಡ್ತೀನಿ. ಕೊಳೀಲಿ. ಅದ್ಹೆಂಗೆ ಕೂತ್ಕೋತೀಯೋ ನೋಡ್ತೀನಿ."

ಅವನು ಫೋನು ತೆಗೆದ. ಫ್ಯಾನುಗಳ ಗುಂಡಿ ಗಾಜಿನ ಮೇಲೆ ಮೂಡಿತು.

"ಆರ್ಸ್ರಿ," ಎಂದಳು ತಂಗೆವ್ವ.

ಹೊರಗೆ ಬಿಸಿಲು ಬಿಳಿಚಿಕೊಂಡು ಉರಿಯುತ್ತಿತ್ತು. ಎರಡೂ ಪಕ್ಕ ಪರದೆ ಮುಚ್ಚಿತ್ತು. ಫ್ಯಾನು ನಿಂತರೆ ಅರ್ಧ ಗಂಟೆಯಲ್ಲಿ ಹನ್ನೆರಡು ಸಾವಿರ ಗಿಡಗಳ ಚಿಗುರು ಜೋತುಬೀಳುತ್ತದೆ, ಒಂದು ಗಂಟೆಯಲ್ಲಿ ಮುಂದಿನ ಕೊಯ್ಲೆಲ್ಲ ಸುಡುತ್ತದೆ. ಯಾವ ಸಾಲು ಎಷ್ಟು ತಡೆಯುತ್ತದೆಂದು ತಿಳಿದವನು ಗಾಡಿಯ ಮೇಲೆ ಮಲಗಿದ್ದ. ಉಳಿದದ್ದು ರವಿಕಿರಣನಿಗೂ ಗೊತ್ತಿತ್ತು. ಅವನ ಹೆಬ್ಬೆರಳು ಗಾಜಿನ ಮೇಲೆ ಒಂದಂಗುಲ ಎತ್ತರದಲ್ಲಿ ನಿಂತಿತು. ನಾಲ್ವರು ಹೆಂಗಸರು ಆ ಬೆರಳನ್ನೇ ನೋಡುತ್ತಿದ್ದರು. ಅದು ಕೆಳಗಿಳಿಯಲಿಲ್ಲ.

ತಂಗೆವ್ವನ ಸೊಂಟದಲ್ಲಿದ್ದ ಫೋನು ರಿಂಗಾಯಿತು. ಬಸ್ಸಿನ ಸದ್ದಿನ ನಡುವೆ ಸಂಘಮಿತ್ರಾಳ ದನಿ.

"ಯವ್ವಾ, ಹಿರಿಯೂರು ದಾಟಿ ಬಂದೀವಿ. ಬಿಸಲು ಭಾಳ ಐತಿ ಬೇ. ಅಪ್ಪನ್ನ ಎಲ್ಲಿ ಇಟ್ಟೀದಿ?"

ತಂಗೆವ್ವ ಗಂಡನ ಹಣೆಯ ಮೇಲೆ ಕೈ ಇಟ್ಟಳು.

"ತಂಪಿನ್ಯಾಗ ಇಟ್ಟೀನವ್ವಾ. ನೀ ನಿಧಾನ ಬಾ."